ಅಷ್ಟಾಂಗವೆಂದರೆ ಎಂಟು ಮೆಟ್ಟಿಲುಗಳಲ್ಲ

ಮಾನ್ಯ ಸಂಪಾದಕರೇ,

ಜೂನ್ 21ರ ಅಂತರರಾಷ್ಟ್ರೀಯ ಯೋಗ ದಿನದ ನಿಮಿತ್ತ ತಮ್ಮ ಪತ್ರಿಕೆ ಹೊರತಂದ ವಿಶೇಷ ಪುಟದಲ್ಲಿ ಪತಂಜಲಿಯ ಅಷ್ಟಾಂಗಯೋಗವನ್ನು ಎಂಟು ಮೆಟ್ಟಿಲುಗಳ ಚಿತ್ರವಾಗಿ ತೋರಿಸಲಾಗಿತ್ತು. ಕೆಳಗಿನ ಮೆಟ್ಟಿಲ ಮೇಲೆ ಯಮ, ತುದಿಯಲ್ಲಿ ಸಮಾಧಿ, ಅಲ್ಲಿ ಪದ್ಮಾಸನ ಹಾಕಿ ಕುಳಿತ ಒಬ್ಬ ವ್ಯಕ್ತಿ, ಅವನ ತಲೆಯ ಸುತ್ತ ಪ್ರಭಾವಳಿ. ಜೊತೆಗಿದ್ದ ಲೇಖನವು ಧ್ಯಾನ, ಸಮಾಧಿ ಎಂಬ ಎರಡು ಮಾತುಗಳನ್ನೂ ‘ಮನಸ್ಸಿಗೆ ವಿಶ್ರಾಂತಿ’ ಎಂಬ ಒಂದೇ ಅರ್ಥದಲ್ಲಿ ಬಳಸಿತ್ತು. ಹಲವು ವರ್ಷಗಳಿಂದ ಪತಂಜಲಿಯ ಯೋಗಸೂತ್ರಗಳನ್ನು, ಅವಕ್ಕೆ ವ್ಯಾಸರು ಬರೆದ ವ್ಯಾಖ್ಯಾನವಾದ ವ್ಯಾಸಭಾಷ್ಯದೊಡನೆ ಓದುತ್ತ ಬಂದಿರುವ, ಓದಿದ್ದರಲ್ಲಿ ಕೊಂಚವನ್ನಷ್ಟೇ ಕುಳಿತು ಪ್ರಯತ್ನಿಸಿರುವ ಒಬ್ಬ ಓದುಗನಾಗಿ ಆ ಚಿತ್ರದ ಬಗ್ಗೆ ನನ್ನದೊಂದು ಆಕ್ಷೇಪವಿದೆ. ಮೆಟ್ಟಿಲುಗಳು ಇಲ್ಲವೆಂದು ನಾನು ಹೇಳುತ್ತಿಲ್ಲ. ಅವು ಇರುವ ಜಾಗ ಬೇರೆ ಎಂಬುದಷ್ಟೇ ನನ್ನ ಮಾತು.

ಯೋಗಸೂತ್ರಗಳ ಎರಡನೆಯ ಅಧ್ಯಾಯವಾದ ಸಾಧನಪಾದದ 29ನೆಯ ಸೂತ್ರವು ಯಮ, ನಿಯಮ, ಆಸನ, ಪ್ರಾಣಾಯಾಮ, ಪ್ರತ್ಯಾಹಾರ, ಧಾರಣೆ, ಧ್ಯಾನ, ಸಮಾಧಿ ಎಂಬ ಎಂಟನ್ನು ಎಣಿಸಿ ‘ಅಷ್ಟಾವಂಗಾನಿ’ ಎನ್ನುತ್ತದೆ. ಅಂಗವೆಂದರೆ ಮೈಯ ಅಂಗ. ಕೈ ಪೂರ್ತಿ ಬೆಳೆಯಲಿ, ಆಮೇಲೆ ಕಾಲು ಬೆಳೆಸಿಕೊಳ್ಳೋಣವೆಂದು ಯಾವ ಕೂಸೂ ಕಾಯುವುದಿಲ್ಲ. ಅಹಿಂಸೆ, ಸತ್ಯ, ಅಸ್ತೇಯ, ಬ್ರಹ್ಮಚರ್ಯ, ಅಪರಿಗ್ರಹ ಎಂಬ ಐದು ಯಮಗಳನ್ನು ಮುಗಿಸಿ ಮೇಲಕ್ಕೆ ಹೋಗುವ ಪ್ರಶ್ನೆಯೇ ಇಲ್ಲ, ಏಕೆಂದರೆ ಜಾತಿ, ದೇಶ, ಕಾಲ, ಸಮಯ (ಅಂದರೆ ಸಂದರ್ಭದ ಕಟ್ಟಳೆ) ಇವುಗಳ ಕಟ್ಟಿಗೆ ಸಿಲುಕದೆ ನಡೆಸಿದಾಗ ಅವನ್ನು ‘ಸಾರ್ವಭೌಮ ಮಹಾವ್ರತ’ ಎಂದು ಪತಂಜಲಿ ಕರೆಯುತ್ತಾನೆ, ಮತ್ತು ಮಹಾವ್ರತವನ್ನು ಯಾರೂ ಹತ್ತಿ ಹಿಂದೆ ಬಿಡುವುದಿಲ್ಲ. ಕ್ರಮವು ಅನಿವಾರ್ಯವಾದ ಕಡೆ ಸೂತ್ರಕಾರನೇ ಅದನ್ನು ಬಾಯಿಬಿಟ್ಟು ಹೇಳಿದ್ದಾನೆ: ಆಸನದ ಮಾತು ಮುಗಿದು ಪ್ರಾಣಾಯಾಮ ಬರುವಲ್ಲಿ ‘ತಸ್ಮಿನ್ ಸತಿ’, ಅಂದರೆ ಅದು ಸಿದ್ಧಿಸಿದ ಮೇಲೆ, ಎಂಬ ಎರಡು ಪದಗಳನ್ನು ಇಟ್ಟಿದ್ದಾನೆ. ಒಂದೊಂದು ಅಕ್ಷರವನ್ನೂ ಜಿಪುಣನಂತೆ ಲೆಕ್ಕವಿಟ್ಟು ಬರೆಯುವವನು ಎಂಟಕ್ಕೂ ಅದೇ ಷರತ್ತು ಹಾಕಬೇಕೆಂದಿದ್ದರೆ ಹಾಕುತ್ತಿದ್ದ.

ಹಂತಕ್ಕೆ ಯೋಗಶಾಸ್ತ್ರದಲ್ಲಿರುವ ಹೆಸರು ‘ಭೂಮಿ’. ಮೂರನೆಯ ಅಧ್ಯಾಯವಾದ ವಿಭೂತಿಪಾದದ ಆರನೆಯ ಸೂತ್ರ, ‘ತಸ್ಯ ಭೂಮಿಷು ವಿನಿಯೋಗಃ’, ಈ ಭೂಮಿಗಳನ್ನು ಕುರಿತದ್ದು. ಧಾರಣೆ, ಧ್ಯಾನ, ಸಮಾಧಿ ಮೂರೂ ಒಂದೇ ವಿಷಯದಲ್ಲಿ ಕೂಡಿದಾಗ ಅದಕ್ಕೆ ಸಂಯಮವೆಂದು ಹೆಸರಿಟ್ಟು, ಆ ಸಂಯಮವನ್ನು ಭೂಮಿಯಿಂದ ಭೂಮಿಗೆ ತೊಡಗಿಸಬೇಕೆಂದು ಸೂತ್ರ ಹೇಳುತ್ತದೆ. ಕೆಳಗಿನ ಭೂಮಿಯನ್ನು ಗೆಲ್ಲದವನು ನಡುವಿನದನ್ನು ಹಾರಿ ತುದಿಯ ಭೂಮಿಯಲ್ಲಿ ಸಂಯಮ ಪಡೆಯಲಾರನೆಂದು ವ್ಯಾಸರು ಅದಕ್ಕೆ ಭಾಷ್ಯ ಬರೆಯುತ್ತಾರೆ. ಆದರೆ ಮುಂದಿನ ಭೂಮಿ ಯಾವುದೆಂದು ಸಾಧಕನಿಗೆ ತಿಳಿಸುವವರು ಯಾರು? ‘ಯೋಗವೇ ಇಲ್ಲಿ ಉಪಾಧ್ಯಾಯ’ ಎಂಬುದು ಭಾಷ್ಯದ ಉತ್ತರ. ಹಾಗಾದರೆ ಮೆಟ್ಟಿಲುಗಳು ಎಂಟು ಅಂಗಗಳ ಸಾಲಿನಲ್ಲಿಲ್ಲ, ಕೊನೆಯ ಮೂರು ಅಂಗಗಳ ಒಳಗಿವೆ. ಈ ಒಳಗಿನ ದಾರಿಯ ಬಗ್ಗೆ ನಮ್ಮ ವಿಶೇಷ ಪುಟಗಳು ಹೆಚ್ಚೇನೂ ಬರೆಯುವುದಿಲ್ಲ.

ಅದಕ್ಕೆ ಒಂದು ಕಾರಣ ನಮ್ಮ ಭಾಷೆಯೇ ಇರಬಹುದು. ಕನ್ನಡದಲ್ಲಿ ಧಾರಣೆಯೆಂದರೆ ತಮ್ಮದೇ ಪತ್ರಿಕೆಯ ಮಾರುಕಟ್ಟೆ ಪುಟ ನೆನಪಾಗುತ್ತದೆ. ‘ಅವನಿಗೆ ಹಗಲೂ ರಾತ್ರಿ ಅದೇ ಧ್ಯಾನ’ ಎಂದರೆ ಅದು ಹೊಗಳಿಕೆಯಲ್ಲ. ಸಮಾಧಿಯಂತೂ ಸತ್ತವರ ಗೋರಿಯಾಗಿದೆ. ಮೂರೂ ಪಾರಿಭಾಷಿಕ ಪದಗಳು ಮನೆಬಳಕೆಯಲ್ಲಿ ಸವೆದು ಬೇರೆ ರೂಪ ತಾಳಿರುವಾಗ ಓದುಗನಿಗೆ ಅವುಗಳ ಮೂಲ ಅರ್ಥವನ್ನು ಬಿಡಿಸಿ ಹೇಳುವ ಹೊಣೆ ಬರೆಯುವವರದು.

ಮೂಲ ಅರ್ಥ ಹೀಗಿದೆ. ಚಿತ್ತವನ್ನು ಒಂದು ನೆಲೆಯಲ್ಲಿ ಕಟ್ಟುವುದು ಧಾರಣೆ. ಆ ನೆಲೆ ನಾಭಿಯಾಗಬಹುದು, ಮೂಗಿನ ತುದಿಯಾಗಬಹುದು, ಹೊರಗಿನ ಒಂದು ವಸ್ತುವೂ ಆಗಬಹುದು. ಕಟ್ಟಿದ ಚಿತ್ತ ಬಿಡಿಸಿಕೊಳ್ಳುತ್ತದೆ, ಮತ್ತೆ ಕಟ್ಟಬೇಕಾಗುತ್ತದೆ. ಹೀಗೆ ಕಟ್ಟಿ ಕಟ್ಟಿ, ಅದೇ ನೆಲೆಯಲ್ಲಿ ಒಂದೇ ಬಗೆಯ ಅರಿವು ನಡುವೆ ಬೇರೇನೂ ನುಸುಳದಂತೆ ಹರಿಯತೊಡಗಿದರೆ ಅದು ಧ್ಯಾನ. ತೊಟ್ಟಿಕ್ಕುವ ನೀರಿಗೂ ಸುರಿಯುವ ಎಣ್ಣೆಗೂ ಇರುವ ವ್ಯತ್ಯಾಸವನ್ನು ಹಿರಿಯರು ಇಲ್ಲಿ ಉದಾಹರಿಸುತ್ತಾರೆ. ಆ ಧ್ಯಾನವೇ, ‘ನಾನು ಧ್ಯಾನಿಸುತ್ತಿದ್ದೇನೆ’ ಎಂಬ ತನ್ನ ರೂಪವನ್ನು ಕಳೆದುಕೊಂಡಂತಾಗಿ ವಸ್ತುವೊಂದೇ ಬೆಳಗಿದರೆ, ಸಮಾಧಿ. ‘ಸ್ವರೂಪಶೂನ್ಯಮಿವ’ ಎಂಬ ಸೂತ್ರಭಾಗದಲ್ಲಿರುವ ‘ಇವ’ ಎಂಬ ಪುಟ್ಟ ಪದವನ್ನು ಗಮನಿಸಬೇಕು. ಶೂನ್ಯವಾಯಿತು ಎಂದಲ್ಲ, ಶೂನ್ಯವಾದಂತೆ ಎಂದು. ಅರಿವು ಆರಿಹೋದ ಮಂಪರಿಗೂ ವಸ್ತುವಿನಲ್ಲೇ ಮುಳುಗಿರುವ ಎಚ್ಚರಕ್ಕೂ ನಡುವಿನ ಗೆರೆಯನ್ನು ಪತಂಜಲಿ ಈ ಎರಡಕ್ಷರದಲ್ಲಿ ಎಳೆದಿದ್ದಾನೆ. ನಿದ್ರೆಯನ್ನು ಅವನು ತಡೆಯಬೇಕಾದ ಐದು ವೃತ್ತಿಗಳಲ್ಲಿ, ಅಂದರೆ ಚಿತ್ತದ ಚಲನೆಗಳಲ್ಲಿ, ಒಂದಾಗಿ ಎಣಿಸಿರುವುದು ಇದಕ್ಕೆ ಹೊಂದುವ ಮಾತೇ ಆಗಿದೆ.

ಮೂರೂ ಮೂರು ಬೇರೆ ಕೆಲಸಗಳಲ್ಲ, ಒಂದೇ ಕೆಲಸ ಗಟ್ಟಿಯಾಗುತ್ತ ಹೋಗುವ ಬಗೆ. ಕೂರ್ಮಪುರಾಣ ಇದಕ್ಕೆ ಲೆಕ್ಕವನ್ನೇ ಕೊಟ್ಟುಬಿಡುತ್ತದೆ: ಹನ್ನೆರಡು ಪ್ರಾಣಾಯಾಮಗಳಷ್ಟು ಕಾಲ ಧಾರಣೆ, ಹನ್ನೆರಡು ಧಾರಣೆಗಳಷ್ಟು ಧ್ಯಾನ, ಹನ್ನೆರಡು ಧ್ಯಾನಗಳಷ್ಟು ಸಮಾಧಿ. ಗುಣಿಸಿ ನೋಡಿದರೆ 1,728 ಪ್ರಾಣಾಯಾಮಗಳ ಕಾಲವಾಗುತ್ತದೆ. ಪತಂಜಲಿ ಇಂಥ ಗಡಿಯಾರವನ್ನು ಇಟ್ಟುಕೊಂಡಿಲ್ಲ, ನನಗೂ ಅದರಲ್ಲಿ ದೊಡ್ಡ ನಂಬಿಕೆಯಿಲ್ಲ. ಆದರೂ ಪುರಾಣಕಾರನ ಮನಸ್ಸಿನಲ್ಲಿ ಇವುಗಳ ನಡುವೆ ಎಷ್ಟು ಅಂತರವಿತ್ತೆಂಬುದು ಆ ಗುಣಾಕಾರದಿಂದ ತಿಳಿಯುತ್ತದೆ.

ತಮ್ಮ ಚಿತ್ರಕಾರರು ಸಮಾಧಿಗೆ ಬಂದೊಡನೆ ಮೆಟ್ಟಿಲನ್ನು ನಿಲ್ಲಿಸಿದ್ದಾರೆ. ಮೊದಲ ಅಧ್ಯಾಯವಾದ ಸಮಾಧಿಪಾದವನ್ನು ಓದಿದರೆ ಭೂಮಿಗಳು ತೊಡಗುವುದೇ ಅಲ್ಲಿಂದ. ವಿತರ್ಕ, ವಿಚಾರ, ಆನಂದ, ಅಸ್ಮಿತೆ (‘ನಾನಿದ್ದೇನೆ’ ಎಂಬ ಅರಿವು) ಎಂಬ ನಾಲ್ಕನ್ನು ಅನುಸರಿಸಿ ಬರುವುದು ಸಂಪ್ರಜ್ಞಾತ, ಅಂದರೆ ವಸ್ತುವಿನ ಚೆನ್ನಾದ ಅರಿವಿರುವ ಸಮಾಧಿ. (ಮೊದಲ ಎರಡು ಹೆಸರುಗಳು ಬೌದ್ಧರ ಮೊದಲ ಧ್ಯಾನದ ವಿವರಣೆಯಲ್ಲೂ ಬರುತ್ತವೆ, ಒಂದೇ ಹಾದಿಯಲ್ಲಿ ನಡೆದವರು ಒಂದೇ ಬಗೆಯ ಗುರುತುಗಲ್ಲುಗಳನ್ನು ಕಂಡಿರಬೇಕು.) ಇದರ ಮೊದಲ ಹಂತ ಸವಿತರ್ಕ. ಇಲ್ಲಿ ವ್ಯಾಸರು ಕೊಡುವ ಉದಾಹರಣೆ ಹಸುವಿನದು. ‘ಹಸು’ ಎಂಬ ಶಬ್ದ, ಹಸು ಎಂಬ ಪ್ರಾಣಿ, ಹಸುವಿನ ಕುರಿತ ನಮ್ಮ ತಿಳಿವಳಿಕೆ, ಇವು ಮೂರು ಬೇರೆ ಬೇರೆ. ಶಬ್ದವು ಕಿವಿಗೆ ಬೀಳುವ ಧ್ವನಿ, ಅದಕ್ಕೆ ಕೊಂಬಿಲ್ಲ; ಪ್ರಾಣಿ ಹೊರಗಿದೆ; ತಿಳಿವಳಿಕೆ ನಮ್ಮೊಳಗಿದೆ. ಆದರೂ ಹಸುವನ್ನು ನೋಡಿದಾಗ ಮೂರೂ ಕಲಸಿಕೊಂಡು ಒಂದೇ ಎನಿಸುತ್ತವೆ, ಮತ್ತು ಏಕಾಗ್ರವಾದ ಚಿತ್ತದಲ್ಲಿಯೂ ಮೊದಮೊದಲು ಈ ಕಲಬೆರಕೆ ಹೋಗುವುದಿಲ್ಲ. ನೆನಪಿನ ಮೂಲಕ ಒಳನುಗ್ಗುವ ಹೆಸರೂ ಕೇಳಿ ತಿಳಿದ ಸಂಗತಿಗಳೂ ಕಳಚಿಬಿದ್ದು, ಹೆಸರಿಲ್ಲದ ವಸ್ತುವೊಂದೇ ಉಳಿದಾಗ ಅದು ನಿರ್ವಿತರ್ಕ.

ಇದು ಕಣ್ಣಿಗೆ ಕಾಣುವ ಸ್ಥೂಲ ವಸ್ತುವಿನ ಮಾತಾಯಿತು. ಅದೇ ಕ್ರಮವನ್ನು ಶಬ್ದ, ಸ್ಪರ್ಶ ಮೊದಲಾದವುಗಳ ಸೂಕ್ಷ್ಮ ರೂಪವಾದ ತನ್ಮಾತ್ರೆಯೇ ಮುಂತಾದ ಸೂಕ್ಷ್ಮ ವಿಷಯಗಳಲ್ಲಿ ನಡೆಸಿದರೆ, ಇಂಥ ಜಾಗ, ಇಂಥ ಕಾಲ, ಇಂಥ ಕಾರಣ ಎಂಬ ಕಟ್ಟುಗಳ ಜೊತೆಗೆ ಕಾಣುವುದು ಸವಿಚಾರ, ಆ ಕಟ್ಟುಗಳಿಲ್ಲದೆ ಕಾಣುವುದು ನಿರ್ವಿಚಾರ. ಸೂಕ್ಷ್ಮತೆಯ ಈ ಪಯಣ ಜಗತ್ತಿನ ಮೂಲಕಾರಣವಾದ ಮೂಲಪ್ರಕೃತಿಯವರೆಗೆ ಹೋಗುತ್ತದೆ. ಆನಂದ, ಅಸ್ಮಿತೆಗಳ ವಿಷಯದಲ್ಲಿ ವ್ಯಾಖ್ಯಾನಕಾರರೇ ಒಮ್ಮತದಲ್ಲಿಲ್ಲ. ವಾಚಸ್ಪತಿಮಿಶ್ರರು ಇವುಗಳಿಗೂ ‘ನಿರ್’ ಸೇರಿದ ಜೋಡಿಗಳನ್ನು ಕಲ್ಪಿಸಿ ಒಟ್ಟು ಎಂಟು ಎಣಿಸಿದರೆ, ವಿಜ್ಞಾನಭಿಕ್ಷುಗಳು ಆ ಹೆಚ್ಚಿನ ಎರಡನ್ನು ಒಪ್ಪದೆ ಆರಕ್ಕೆ ನಿಲ್ಲುತ್ತಾರೆ. ಪತಂಜಲಿ ಸ್ವತಃ ಹೆಸರಿಸದ ನಿರಾನಂದ, ನಿರಸ್ಮಿತಗಳನ್ನು ನಾವು ಸೇರಿಸುವ ಅಗತ್ಯ ಕಾಣದ ಕಾರಣ ಭಿಕ್ಷುಗಳ ಪಕ್ಷವೇ ನನಗೆ ಹೆಚ್ಚು ಸರಿಯೆನಿಸುತ್ತದೆ.

ನಿರ್ವಿಚಾರವು ತಿಳಿಯಾದಾಗ ಹುಟ್ಟುವ ಪ್ರಜ್ಞೆಗೆ ‘ಋತಂಭರಾ’ ಎಂದು ಹೆಸರು. ಸತ್ಯವನ್ನು ಮಾತ್ರ ಹೊತ್ತದ್ದು. ಕೇಳಿ ತಿಳಿದದ್ದಕ್ಕಿಂತಲೂ ಊಹಿಸಿ ತಿಳಿದದ್ದಕ್ಕಿಂತಲೂ ಅದು ಬೇರೆ, ಏಕೆಂದರೆ ಅವೆರಡೂ ಸಾಮಾನ್ಯವನ್ನಷ್ಟೇ ಹಿಡಿಯುತ್ತವೆ, ಇದು ವಿಶೇಷವನ್ನು ಹಿಡಿಯುತ್ತದೆ. ಇಷ್ಟಾದರೂ ಇವೆಲ್ಲ ಸಬೀಜ, ಅಂದರೆ ವಸ್ತುವೆಂಬ ಬೀಜ ಉಳಿದಿರುವ ಸಮಾಧಿಗಳೇ. ಆ ಪ್ರಜ್ಞೆ ಬಿಟ್ಟ ಸಂಸ್ಕಾರವೂ ತಡೆಯಲ್ಪಟ್ಟಾಗ ನಿರ್ಬೀಜ, ಅಂದರೆ ಬೀಜವೇ ಇಲ್ಲದ ಸಮಾಧಿ. ಈ ನಿರ್ಬೀಜದ ಎದುರು ಧಾರಣೆ, ಧ್ಯಾನ, ಸಮಾಧಿ ಮೂರೂ ಹೊರಗಿನವೇ ಎಂದು ವಿಭೂತಿಪಾದದ ಎಂಟನೆಯ ಸೂತ್ರ ಸ್ಪಷ್ಟವಾಗಿ ಹೇಳುತ್ತದೆ: ‘ತದಪಿ ಬಹಿರಂಗಂ ನಿರ್ಬೀಜಸ್ಯ’. ಅಂದಮೇಲೆ ತಮ್ಮ ಚಿತ್ರದ ತುತ್ತತುದಿಯಲ್ಲಿ ಪ್ರಭಾವಳಿ ಧರಿಸಿ ಕುಳಿತವನು ಗುರಿ ಮುಟ್ಟಿದವನಲ್ಲ. ಎಂಟನೆಯ ಅಂಗವಾದ ಸಮಾಧಿ ಒಂದು ಸಾಧನ. ಅದರ ಹೆಸರೂ ಗುರಿಯ ಹೆಸರೂ ಒಂದೇ ಆಗಿರುವುದರಿಂದ ಈ ಗೊಂದಲ ಹುಟ್ಟಿದೆ.

ಇದು ಬರಿಯ ಪಂಡಿತರ ಜಗಳವೆಂದು ತಾವು ಭಾವಿಸಬಾರದೆಂದು ಒಂದು ಅನುಭವವನ್ನು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನಾನು ಮೂರು ದಿನಗಳ ಒಂದು ಧ್ಯಾನ ಶಿಬಿರಕ್ಕೆ ಹೋಗಿದ್ದೆ. ಎರಡನೆಯ ದಿನ ಸಂಜೆ ದೀರ್ಘ ಮೌನದ ಬಳಿಕ, ಸಮಯ ಹೋದದ್ದೇ ತಿಳಿಯದವರು ಕೈ ಎತ್ತಿರೆಂದು ಬೋಧಕರು ಕೇಳಿದರು. ನಾನೂ ಸೇರಿ ಹಲವರು ಎತ್ತಿದೆವು. ನಿಮಗೆಲ್ಲ ಸಮಾಧಿಯ ರುಚಿ ಸಿಕ್ಕಿದೆ ಎಂದು ಅವರು ಘೋಷಿಸಿದರು. ನನಗೆ ಸಿಕ್ಕಿದ್ದು ತೂಕಡಿಕೆಯೆಂದು ಹೇಳುವ ಧೈರ್ಯ ಆಗ ನನಗೆ ಬರಲಿಲ್ಲ, ಆದರೆ ನನ್ನ ಪಕ್ಕದಲ್ಲಿದ್ದವರು ಕಣ್ಣೀರು ಹಾಕಿ, ಮನೆಗೆ ಹೋದ ಮೇಲೆ ಅದು ಮರಳಿ ಬರಲಿಲ್ಲವೆಂದು ಆಮೇಲೆ ತಿಂಗಳುಗಟ್ಟಲೆ ಕೊರಗಿದರು. ಅವರಿಗೆ ಯಾರಾದರೂ ಭಾಷ್ಯದ ಮೊದಲ ಪುಟವನ್ನು ಓದಿ ಹೇಳಿದ್ದರೆ ಸಾಕಾಗಿತ್ತು. ಚಿತ್ತಕ್ಕೆ ಕ್ಷಿಪ್ತ (ಚದುರಿದ), ಮೂಢ (ಮಂಕಾದ), ವಿಕ್ಷಿಪ್ತ (ಆಗಾಗ ನಿಂತು ಮತ್ತೆ ಚದುರುವ), ಏಕಾಗ್ರ, ನಿರುದ್ಧ (ತಡೆದು ನಿಂತ) ಎಂಬ ಐದು ಭೂಮಿಗಳಿವೆಯೆಂದೂ, ಸಮಾಧಿಯೆಂಬುದು ಎಲ್ಲ ಭೂಮಿಗಳಲ್ಲೂ ಕಾಣಬಹುದಾದ ಚಿತ್ತದ ಗುಣವೆಂದೂ, ಆದರೆ ವಿಕ್ಷಿಪ್ತ ಚಿತ್ತದಲ್ಲಿ ಚಾಂಚಲ್ಯದ ಅಡಿಯಾಳಾಗಿ ಬಂದುಹೋಗುವ ಸಮಾಧಿ ಯೋಗದ ಲೆಕ್ಕಕ್ಕೆ ಸೇರುವುದಿಲ್ಲವೆಂದೂ ವ್ಯಾಸರು ಅಲ್ಲಿಯೇ ಹೇಳಿಬಿಟ್ಟಿದ್ದಾರೆ. ಬಂದದ್ದು ಸುಳ್ಳಲ್ಲ, ಬಂದದ್ದು ನೆಲೆಯೂ ಅಲ್ಲ.

ಪತಂಜಲಿಯೂ ಸಮಾಧಿಪಾದದಲ್ಲಿ ಒಂಬತ್ತು ಅಂತರಾಯಗಳನ್ನು, ಅಂದರೆ ಅಡ್ಡಿಗಳನ್ನು, ಎಣಿಸುವಾಗ ವ್ಯಾಧಿ, ಸಂಶಯ, ಆಲಸ್ಯಗಳ ಜೊತೆಗೆ ಮೂರು ವಿಚಿತ್ರ ಹೆಸರುಗಳನ್ನು ಸೇರಿಸಿದ್ದಾನೆ: ಇಲ್ಲದ್ದನ್ನು ಕಂಡೆನೆಂದುಕೊಳ್ಳುವ ಭ್ರಾಂತಿದರ್ಶನ, ಭೂಮಿಯನ್ನು ಮುಟ್ಟದೇ ಇರುವ ಅಲಬ್ಧಭೂಮಿಕತ್ವ, ಮುಟ್ಟಿಯೂ ನಿಲ್ಲಲಾಗದ ಅನವಸ್ಥಿತತ್ವ. ನನ್ನ ಪಕ್ಕದವರ ಕೊರಗಿಗೆ ಹೆಚ್ಚೆಂದರೆ ಈ ಮೂರನೆಯ ಹೆಸರು ಹೊಂದುತ್ತದೆ, ನನ್ನ ಎತ್ತಿದ ಕೈಗೆ ಮೊದಲನೆಯದು. ನಿಲ್ಲಲಾಗದಿರುವುದು ದಾರಿಯಲ್ಲಿ ಸಹಜವಾಗಿ ಎದುರಾಗುವ ತೊಡಕೆಂದು ಬಲ್ಲವನು ಗಾಬರಿಯಾಗುವುದಿಲ್ಲ, ತನ್ನಲ್ಲೇನೋ ಕೊರತೆಯಿದೆಯೆಂದು ಹಲುಬುವುದೂ ಇಲ್ಲ. ಅಭ್ಯಾಸವು ದೀರ್ಘಕಾಲ, ಎಡೆಬಿಡದೆ, ಆದರದಿಂದ ನಡೆದಾಗ ಮಾತ್ರ ಭೂಮಿ ದೃಢವಾಗುತ್ತದೆಂಬ ಸೂತ್ರವೂ ಅದೇ ಪಾದದಲ್ಲಿದೆ.

ಸಾಮಾನ್ಯ ಓದುಗನಿಗೆ ಸವಿತರ್ಕ, ನಿರ್ವಿತರ್ಕಗಳ ಗೊಡವೆ ಏಕೆ, ಬೆನ್ನುನೋವಿಗೆ ನಾಲ್ಕು ಆಸನ ಹೇಳಿಕೊಟ್ಟರೆ ಸಾಲದೇ ಎಂದು ಯಾರಾದರೂ ಕೇಳಬಹುದು. ಸಾಲುತ್ತದೆ, ಆಸನಗಳನ್ನು ಆಸನಗಳೆಂದೇ ಹೇಳಿಕೊಡಲಿ, ನನ್ನ ತಕರಾರಿಲ್ಲ. ಪತಂಜಲಿಯ ಹೆಸರನ್ನು ಮೇಲೆ ಹಾಕಿದಾಗ ಮಾತ್ರ, ಪಾಠಭೇದದಿಂದ 195 ಅಥವಾ 196 ಎಂದು ಎಣಿಸಲಾಗುವ ಅವನ ಸೂತ್ರಗಳಲ್ಲಿ ಆಸನಕ್ಕೆ ಮೀಸಲಾದವು ಮೂರೇ ಮೂರೆಂಬುದು ಓದುಗನಿಗೆ ತಿಳಿಯಬೇಕು. ಸ್ಥಿರವಾಗಿ ಸುಖವಾಗಿ ಕೂರುವುದು, ಪ್ರಯತ್ನವನ್ನು ಸಡಿಲಿಸಿ ಅನಂತದಲ್ಲಿ ಚಿತ್ತವನ್ನಿಟ್ಟು ಅದನ್ನು ಸಾಧಿಸುವುದು, ಅದರಿಂದ ಚಳಿ-ಬಿಸಿಲುಗಳಂಥ ದ್ವಂದ್ವಗಳ ಪೆಟ್ಟು ತಾಗದಿರುವುದು. ಅಷ್ಟೇ.

ಮುಂದಿನ ವರ್ಷವೂ ತಾವು ಇಂಥದೇ ಪುಟ ತರುವಿರೆಂದು ನಂಬಿ ಒಂದು ಕೋರಿಕೆ. ಯಮದಿಂದ ಪ್ರತ್ಯಾಹಾರದವರೆಗಿನ ಐದಕ್ಕೆ ಹೋಲಿಸಿದರೆ ಕೊನೆಯ ಮೂರು ಅಂತರಂಗ, ನಿರ್ಬೀಜಕ್ಕೆ ಹೋಲಿಸಿದರೆ ಆ ಮೂರೂ ಬಹಿರಂಗ ಎಂಬುದು ಸೂತ್ರದ ಮಾತಾದ್ದರಿಂದ, ಒಂದರೊಳಗೊಂದು ವೃತ್ತಗಳನ್ನು ಬರೆಯುವಂತೆ ಚಿತ್ರಕಾರರಿಗೆ ತಿಳಿಸಬೇಕು: ಹೊರವೃತ್ತದಲ್ಲಿ ಐದು ಅಂಗಗಳು, ಒಳವೃತ್ತದಲ್ಲಿ ಮೂರು, ಅದರ ಒಳಗೆ ಸವಿತರ್ಕ ಮೊದಲಾದ ಸಬೀಜ ಸಮಾಧಿಗಳು, ನಡುವೆ ನಿರ್ಬೀಜ. ಜಾಗ ಸಾಲದಿದ್ದರೆ ಪ್ರಭಾವಳಿಯನ್ನು ಕೈಬಿಡಬಹುದು.

ಇತಿ,
ತಮ್ಮ ಪತ್ರಿಕೆಯ ಹಳೆಯ ಓದುಗ