ಜಾಗರಣೆಯ ರಾತ್ರಿ: ನಸ್ಸಾವಿನಿಂದ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯನಿಗೆ,

ಜೂಜಿನ ಮನೆಗಳು ಮತ್ತು ಮೋಜಿನ ಹಡಗುಗಳ ನಡುವೆ ಬಹಾಮಾಸ್‌ನವರಿಗೆ ದೇವರ ನೆನಪಾದರೂ ಎಲ್ಲಿಂದ ಬರಬೇಕು ಎಂದು ನೀನು ಕೇಳಿದ್ದೆ. ಹಡಗಿನ ಅಡುಗೆಮನೆಯ ಕೆಲಸದಿಂದಾಗಿ ಆ ದ್ವೀಪದೇಶದ ರಾಜಧಾನಿ ನಸ್ಸಾವಿನಲ್ಲಿ ಹಲವು ಸಲ ಇಳಿದಿರುವ ನನಗೂ ಮೊದಮೊದಲು ಹಾಗೆಯೇ ಅನ್ನಿಸಿತ್ತು. 1973ರ ಜುಲೈ 10ರಂದು ಬ್ರಿಟನ್ನಿನಿಂದ ಸ್ವತಂತ್ರವಾದ ಈ ದೇಶದ ಸಂವಿಧಾನವು ಪ್ರಸ್ತಾವನೆಯಲ್ಲಿಯೇ ದೇವರ ಪರಮಾಧಿಕಾರವನ್ನೂ ಕ್ರೈಸ್ತ ಮೌಲ್ಯಗಳ ಮೇಲಿನ ಗೌರವವನ್ನೂ ಹೇಳಿಕೊಂಡಿದೆ ಎಂಬುದು ನನಗೆ ತಿಳಿದದ್ದು ತಡವಾಗಿ. ಆದರೂ ಅಲ್ಲಿನವರ ಧರ್ಮವನ್ನು ಕಾಗದದಲ್ಲಿ ಓದುವುದಕ್ಕಿಂತ ಕಿವಿಯಾರೆ ಕೇಳುವುದೇ ಮೇಲು.

ಆಳಿದವರ ಚರ್ಚ್ ಆಂಗ್ಲಿಕನ್, ಅಂದರೆ ಇಂಗ್ಲೆಂಡಿನ ಅಧಿಕೃತ ಚರ್ಚ್, ಆಗಿದ್ದರೂ ಇಂದು ಅಲ್ಲಿ ಎಲ್ಲರಿಗಿಂತ ಹೆಚ್ಚಿನ ಸಂಖ್ಯೆಯಲ್ಲಿರುವವರು ಬ್ಯಾಪ್ಟಿಸ್ಟರೆಂಬ ಇನ್ನೊಂದು ಪ್ರೊಟೆಸ್ಟಂಟ್ ಪಂಗಡದವರು. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಬ್ರಿಟಿಷ್ ರಾಜನ ಪಕ್ಷ ಹಿಡಿದು ಸೋತ ರಾಜನಿಷ್ಠರು ಗುಲಾಮರನ್ನು ಕಟ್ಟಿಕೊಂಡು ಈ ದ್ವೀಪಗಳಿಗೆ ಬಂದ ಕಾಲದಲ್ಲಿಯೇ ದಾಸ್ಯದಿಂದ ಬಿಡುಗಡೆ ಪಡೆದ ಕೆಲವು ಕಪ್ಪು ಬೋಧಕರೂ ಬಂದರು. ಅವರಲ್ಲೊಬ್ಬನಾದ ಪ್ರಿನ್ಸ್ ವಿಲಿಯಮ್ಸ್ ನಸ್ಸಾವಿನಲ್ಲಿ ಕಟ್ಟಿದ ಬೆಥೆಲ್ ಚರ್ಚ್ ತನ್ನ ಆರಂಭವನ್ನು 1790ಕ್ಕೆ ಒಯ್ಯುತ್ತದೆ. ಇಂಗ್ಲೆಂಡಿನ ಬ್ಯಾಪ್ಟಿಸ್ಟ್ ಮಿಷನರಿಗಳು ಬಂದದ್ದು ನಾಲ್ಕು ದಶಕಗಳ ಮೇಲೆ. ಅಂದರೆ ಬಿಳಿಯರು ಕಲಿಸಲು ಬರುವ ಮೊದಲೇ ಇವರು ತಮ್ಮ ದನಿಯಲ್ಲಿ ಹಾಡಲು ತೊಡಗಿದ್ದರು.

ಆ ಹಾಡು ಚರ್ಚಿನ ಗೋಡೆಗಳೊಳಗೆ ಉಳಿಯಲಿಲ್ಲ. ಕಡಲ ತಳದಲ್ಲಿ ಬೆಳೆಯುವ ಸ್ಪಂಜು ಎಂಬ ಜೀವಿಯನ್ನು ತೆಗೆಯಲು ವಾರಗಟ್ಟಲೆ ಸಮುದ್ರದ ಮೇಲಿರುತ್ತಿದ್ದವರು ದೋಣಿಗಳಲ್ಲಿಯೇ ಭಕ್ತಿಗೀತೆ ಹಾಡುತ್ತಿದ್ದರು: ಒಬ್ಬನು ಪದಕ್ಕೆ ಪದ ಹೊಸೆಯುತ್ತ ಮುಂದೆ ಓಡಿದರೆ, ಉಳಿದವರು ತಗ್ಗಿದ ದನಿಯಲ್ಲಿ ಅವನನ್ನು ಹೊತ್ತು ನಿಲ್ಲುತ್ತಿದ್ದರು. ಇದಕ್ಕೆ ಅವರು ‘ರೈಮಿಂಗ್’ ಎನ್ನುತ್ತಾರೆ. 1938ರಲ್ಲಿ ರೋಗ ತಗುಲಿ ಸ್ಪಂಜು ನಾಶವಾಯಿತು, ಕಸುಬು ಕುಸಿಯಿತು. ಆಂಡ್ರೋಸ್ ದ್ವೀಪದ ಜೋಸೆಫ್ ಸ್ಪೆನ್ಸ್ ಮಾತ್ರ ಆ ಹಾಡುಗಳನ್ನು ಗಿಟಾರಿಗೆ ಏರಿಸಿಕೊಂಡು, ಅರ್ಧ ಪದಗಳನ್ನು ಬಾಯಲ್ಲಿಯೇ ಅಗಿದು, ಗೊಣಗುತ್ತ ನುಡಿಸಿದ. ಅವನ ಧ್ವನಿಮುದ್ರಣಗಳನ್ನು ಹುಡುಕಿ ಕೇಳು; ಭಕ್ತಿಗೆ ಇಷ್ಟು ಉಲ್ಲಾಸ ಇರಬಹುದೆಂದು ನಾನು ಎಣಿಸಿರಲಿಲ್ಲ.

ಇನ್ನು ‘ಓಬಿಯಾ’ ಎಂಬ ಆಫ್ರಿಕಾ ಮೂಲದ ಮಾಟಮಂತ್ರವನ್ನು ಅಲ್ಲಿನ ಕಾನೂನು ಅಪರಾಧವೆಂದೇ ಬರೆದಿಟ್ಟಿದೆ. ಆದರೂ ಹಣ್ಣಿನ ಮರಕ್ಕೆ ಕಳ್ಳರ ಭಯಕ್ಕಾಗಿ ಮಂತ್ರಿಸಿದ ಸೀಸೆ ಕಟ್ಟುವ ಪದ್ಧತಿಯ ಮಾತೆತ್ತಿದರೆ ಯಾರೂ ಪೂರ್ತಿ ನಗುವುದಿಲ್ಲ.

ನನಗೆ ಎಲ್ಲವೂ ಒಟ್ಟಿಗೆ ಕಂಡದ್ದು ಒಂದು ಡಿಸೆಂಬರ್ 31ರ ರಾತ್ರಿ. ಹಳೆಯ ವರ್ಷವನ್ನು ಪ್ರಾರ್ಥನೆಯಲ್ಲಿ ಕಳುಹಿಸಿಕೊಡುವ ಜಾಗರಣೆಯ ಆರಾಧನೆಗೆ ಚರ್ಚ್ ತುಂಬಿತ್ತು. ಅದು ಮುಗಿದೊಡನೆ, ಬಿಳಿಯ ಉಡುಪು ತೊಟ್ಟು ಅಗಲದ ಟೊಪ್ಪಿಗೆ ಧರಿಸಿದ್ದ ವೃದ್ಧೆಯೊಬ್ಬರು ಮೆಟ್ಟಿಲ ಮೇಲೆಯೇ ಕುಳಿತು, ಎತ್ತರದ ಹಿಮ್ಮಡಿಯ ಚಪ್ಪಲಿ ಕಳಚಿ, ಬೈಬಲ್ಲಿನ ಚೀಲದಿಂದ ಕ್ಯಾನ್ವಾಸ್ ಬೂಟು ತೆಗೆದು ಹಾಕಿಕೊಂಡರು. ಹೊರಟದ್ದು ಬೇ ಸ್ಟ್ರೀಟ್ ಎಂಬ ಬೀದಿಯಲ್ಲಿ ವೇಷ, ವಾದ್ಯಗಳೊಡನೆ ಸಾಗುವ ಜಂಕನೂ ಮೆರವಣಿಗೆಗೆ. ಕ್ರಿಸ್‌ಮಸ್ ಹೊತ್ತಿನಲ್ಲಿ ಗುಲಾಮರಿಗೆ ಸಿಗುತ್ತಿದ್ದ ಬಿಡುವಿನಲ್ಲಿ ಇದು ಬೆಳೆಯಿತೆನ್ನುತ್ತಾರೆ. ಪಕ್ಕದ ಓಣಿಯಲ್ಲಿ ಹುಡುಗರು, ನಮ್ಮ ತಮಟೆಯವರಂತೆಯೇ, ಮೇಕೆ ಚರ್ಮದ ಡೋಲುಗಳನ್ನು ಬೆಂಕಿಗೆ ಹಿಡಿದು ಬಿಗಿ ಮಾಡುತ್ತಿದ್ದರು. ಕೈಯಲ್ಲಿ ಹಿಡಿದು ಬಾರಿಸುವ ಹಸುವಿನ ಗಂಟೆಗಳ ಸದ್ದಿನಲ್ಲಿ ನನಗೆ ಬೇರೇನೂ ಕೇಳಿಸುತ್ತಿರಲಿಲ್ಲ. ಬೆಳಕು ಹರಿಯುವ ಹೊತ್ತಿಗೆ ಕ್ರೇಪ್ ಕಾಗದದ ವೇಷ ತೊಟ್ಟ ತುತ್ತೂರಿಯವರ ತಂಡವೊಂದು ನುಡಿಸುತ್ತ ಬಂತು. ರಾಗ ಎಲ್ಲೋ ಕೇಳಿದ್ದು ಅನ್ನಿಸಿತು. ಆರು ಗಂಟೆಗಳ ಹಿಂದೆ ಚರ್ಚಿನಲ್ಲಿ ಎಲ್ಲರೂ ಎದ್ದು ನಿಂತು ಹಾಡಿದ್ದೇ ಅದು.

ನಿನ್ನ ಗೆಳೆಯ