ಹಿಂದಿನ ಬೆಂಚಿನಲ್ಲಿ ಕೂತಿದ್ದ ನಮ್ಮ ಮೇಡಂ

ಕಳೆದ ವಾರ ಶಾಲೆಯ ಹಾಜರಿ ಪುಸ್ತಕದಲ್ಲಿ ನನ್ನ ಮೊದಲ ಸಹಿ ಬಿತ್ತು. ಈಗ ನಾನು ಸರ್ಕಾರಿ ಶಾಲೆಯ ಗಣಿತ ಟೀಚರ್. ಹಾರೈಸಿದ ಎಲ್ಲರಿಗೂ ಥ್ಯಾಂಕ್ಸ್. ಒಬ್ಬರ ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಬರೆಯಬೇಕು. ಹೆಸರು ಹಾಕಿದರೆ ಬೈತಾರೆ, ಅದಕ್ಕೆ ಬರೀ ಮೇಡಂ ಅಂತೀನಿ.

2019ರಲ್ಲಿ ಬಿ.ಎಡ್. ಇಂಟರ್ನ್‌ಶಿಪ್‌ಗೆ ಅಂತ 16 ವಾರ ಹಾವೇರಿ ಕಡೆಯ ಒಂದು ಹೈಸ್ಕೂಲಿಗೆ ಹೋಗಿದ್ದೆ. ನನ್ನ ಪಾಠಯೋಜನೆ ಪುಸ್ತಕ ನೀವು ನೋಡಬೇಕಿತ್ತು! ಉದ್ದೇಶಕ್ಕೊಂದು ಬಣ್ಣ, ಚಟುವಟಿಕೆಗೊಂದು ಬಣ್ಣ. ಅಲ್ಲಿ ಗಣಿತ ಕಲಿಸುತ್ತಿದ್ದ ಮೇಡಂ ನಾಲ್ಕು ಹಾಳೆ ತಿರುವಿ, "ಭಾಳ ಚಂದ ಬರದೀಯವಾ. ಹುಡುಗರು ಇದನ್ನ ಓದತಾರೇನು?" ಅಂದರು.

ಮೊದಲ ಪಾಠ ಎಂಟನೇ ತರಗತಿಗೆ, ಭಾಗಲಬ್ಧ ಸಂಖ್ಯೆಗಳು. ಮೇಡಂ ಹಿಂದಿನ ಬೆಂಚಿನಲ್ಲಿ ಹುಡುಗಿಯರ ನಡುವೆ ಒತ್ತಿಕೊಂಡು ಕೂತಿದ್ದರು. 1/2 + 1/3 ಎಷ್ಟು ಅಂತ ಕೇಳಿದೆ. ಒಬ್ಬ ಹುಡುಗ ಬಂದು ಬೋರ್ಡಿನ ಮೇಲೆ 2/5 ಅಂತ ಬರೆದ. ನಾನು ಡಸ್ಟರ್ ತಗೊಂಡು ಒರೆಸಿದೆ, ಲ.ಸಾ.ಅ. ತೆಗೆದು 5/6 ಬರೆದೆ, ಮುಂದಿನ ಲೆಕ್ಕಕ್ಕೆ ಹೋದೆ. ಹುಡುಗ ಚಾಕ್‌ಪೀಸ್ ಹಿಡಿದುಕೊಂಡು ಇನ್ನೂ ಅಲ್ಲೇ ನಿಂತಿದ್ದ. ನಾನು ನೋಡಲೇ ಇಲ್ಲ. ಮೇಡಂ ನೋಡಿದ್ದರು.

ಕ್ಲಾಸಿನಲ್ಲಿ ಒಂದು ಮಾತೂ ಆಡಲಿಲ್ಲ. ಊಟದ ಹೊತ್ತಿಗೆ ಡಬ್ಬಿ ಬಿಚ್ಚುತ್ತಾ ಕೇಳಿದರು: "ಒರೆಸಿಬಿಟ್ಟಿ. ಅದು ಹೆಂಗ ಬಂತು ಅಂತ ಕೇಳಿದೇನು?" ಆಮೇಲೆ ಒಂದು ಜೋಳದ ರೊಟ್ಟಿ ಮುರಿದು ಅರ್ಧ ನನ್ನ ತಟ್ಟೆಗೆ ಹಾಕಿದರು. "ಇದಕ್ಕ ಇನ್ನೊಂದು ತುಣುಕು ಕೂಡಿಸಿದ್ರ ಜಾಸ್ತಿ ಆಗಬೇಕೋ, ಕಡಿಮಿ ಆಗಬೇಕೋ?" 2/5 ಅಂದರೆ ಅರ್ಧಕ್ಕಿಂತ ಕಡಿಮೆ. ಎಂಎಸ್ಸಿ ಮಾಡಿದ ನನಗೆ ಅದು ಹೊಳೆದಿರಲಿಲ್ಲ.

ಮರುದಿನ ಆ ಹುಡುಗನನ್ನೇ ಕೇಳಿದೆ. "ಗುಣಾಕಾರದಾಗ ಮ್ಯಾಲಿಂದು ಮ್ಯಾಲೆ, ಕೆಳಗಿಂದು ಕೆಳಗ ಗುಣಸ್ತೀವಲ್ರೀ ಟೀಚರ್, ಹಂಗ ಕೂಡಿಸಿದೆ" ಅಂದ. ಸುಮ್ನೆ ಗೀಚಿದ್ದಲ್ಲ, ಅಲ್ವಾ? ರೊಟ್ಟಿ ಮುರಿದು ತೋರಿಸಿದೆ. "ಅಯ್ಯ, ಕೂಡಿಸಿದ ಮ್ಯಾಲೆ ಕಡಿಮಿ ಆಗೇತಲ್ರೀ!" ಅಂತ ಅವನೇ ನಕ್ಕು, ಅವನೇ ಒರೆಸಿದ.

ಆಮೇಲಿನದು ನಿಮಗೆ ಗೊತ್ತಿರೋದೇ. 2022ರ ಮೇನಲ್ಲಿ ಜಿಪಿಟಿ, ಅಂದರೆ ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿ ಪರೀಕ್ಷೆ ಬರೆದೆವು. ಮದುವೆಯಾದವರ ಜಾತಿ-ಆದಾಯ ಪ್ರಮಾಣಪತ್ರ ತಂದೆಯ ಹೆಸರಿನದೋ ಗಂಡನ ಹೆಸರಿನದೋ ಅಂತ ವಿಷಯ ಕೋರ್ಟಿಗೆ ಹೋಯಿತು. ನೇಮಕಾತಿ ಆದೇಶಕ್ಕೆ ಒಂದೂವರೆ ವರ್ಷ ಕಾದೆವು. ಮನೆಯಲ್ಲಿ ಫೋನ್ ರಿಂಗಾದರೆ ಎತ್ತೋಕೆ ಬೇಜಾರು. ಎಲ್ಲರದ್ದೂ ಅದೇ ಪ್ರಶ್ನೆ. ಮೇಡಂ ಒಬ್ಬರೇ "ಆರ್ಡರ್ ಬಂತಾ?" ಅಂತ ಕೇಳಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ಐತವಾರ ಎಸ್ಸೆಸ್ಸೆಲ್ಸಿ ಹುಡುಗರದು ಕ್ಲಾಸ್ ಐತಿ, ತ್ರಿಕೋನಮಿತಿ ನೀ ತಗೋ" ಅಂತಿದ್ದರು. ಶಕ್ತಿ ಯೋಜನೆ ಇನ್ನೂ ಬಂದಿರಲಿಲ್ಲ. ವಾಪಸ್ ಬರುವಾಗ ಬಸ್ ಚಾರ್ಜಿಗೆ ಅಂತ ಬ್ಯಾಗಿನಲ್ಲಿ ನೂರು ರೂಪಾಯಿ ಇಟ್ಟುಬಿಡೋರು. ಬೇಡ ಅಂದರೆ ಕೇಳೋರಲ್ಲ.

ಮೊನ್ನೆ ನನ್ನ ಏಳನೇ ತರಗತಿಯ ಹುಡುಗಿಯೊಬ್ಬಳು ಬೋರ್ಡಿನ ಮೇಲೆ 2/5 ಬರೆದಳು. ಡಸ್ಟರ್ ನನ್ನ ಕೈಯಲ್ಲೇ ಇತ್ತು. ಮೇಜಿನ ಮೇಲೆ ಇಟ್ಟೆ.

ಸಂಜೆ ನಿಮಗೆ ಫೋನ್ ಮಾಡಿದೆ ಮೇಡಂ, ನೀವು ಎತ್ತಲಿಲ್ಲ. ಸ್ಪೆಷಲ್ ಕ್ಲಾಸಿನಲ್ಲಿದ್ದಿರಬೇಕು. ಅದಕ್ಕೇ ಇಲ್ಲಿ ಬರೆದೆ.