ಮತ್ತೆ ದೇವಾಲಯದೊಳಗೆ ಕುಳಿತು ಹಾಡಿದೆವು

ವನುವಾಟು ದೇಶದ ರಾಜಧಾನಿ ಪೋರ್ಟ್ ವಿಲಾದ ಅಂಚಿನಲ್ಲಿರುವ ನಮ್ಮ ಚಿಕ್ಕ ಕ್ರೈಸ್ತ ಸಭೆ ಕಳೆದ ಭಾನುವಾರ ದೇವಾಲಯದ ಒಳಗೆ ಕುಳಿತು ಆರಾಧನೆ ಮಾಡಿತು. 2024ರ ಡಿಸೆಂಬರ್ 17ರ ಭೂಕಂಪದ ನಂತರ ಇದೇ ಮೊದಲ ಸಲ. ಬಿರುಕುಬಿಟ್ಟ ಗೋಡೆಯನ್ನು ಕೆಡವಿ ಕಟ್ಟಿ, ಚಾವಣಿಯ ತೊಲೆಗಳನ್ನು ಬಿಗಿದು, ಇನ್ನು ಒಳಗೆ ಹೋಗಬಹುದು ಎಂದು ಎಂಜಿನಿಯರ್ ಹೇಳುವ ತನಕ ಮಾವಿನ ಮರದಡಿಯಲ್ಲಿ ಟಾರ್ಪಾಲು ಕಟ್ಟಿಕೊಂಡೇ ಹಾಡಿದೆವು, ಪ್ರಾರ್ಥಿಸಿದೆವು, ಮದುವೆ ಮಾಡಿಸಿದೆವು, ಮಕ್ಕಳಿಗೆ ದೀಕ್ಷಾಸ್ನಾನ ಕೊಟ್ಟೆವು. ಈ ದಿನವನ್ನು ಕಾಣಲು ನೆರವಾದವರಿಗೆ ಎಲ್ಲರ ಎದುರಿನಲ್ಲೇ ವಂದನೆ ಹೇಳಬೇಕೆಂದು ನನಗೂ ನನ್ನ ಪತಿಗೂ ಅನ್ನಿಸಿದೆ.

ನಾವು ಉಡುಪಿಯ ಕಡೆಯವರು. ನನ್ನ ಪತಿ ಇಲ್ಲಿನ ಸಭೆಯವರು ಕರೆದುದರಿಂದ ಬಂದು, ಎಳೆಯ ಸಭಾಪಾಲಕರಿಗೆ ಸತ್ಯವೇದ ಕಲಿಸುತ್ತಾರೆ. ನಾನು ನರ್ಸ್. ಬಾಣಂತಿಯರು, ಮಕ್ಕಳು, ಗಂಡಸರು ಹೊರದೇಶಕ್ಕೆ ದುಡಿಯಲು ಹೋದ ಮನೆಗಳು, ಇವರ ನಡುವೆ ನನ್ನ ಕೆಲಸ. ವನುವಾಟು ಎಲ್ಲಿದೆ ಎಂದು ಊರಿನಲ್ಲಿ ಇಂದಿಗೂ ಕೇಳುತ್ತಾರೆ. ಆಸ್ಟ್ರೇಲಿಯಾಕ್ಕೆ ಪೂರ್ವದಲ್ಲಿ, ಫಿಜಿಗೆ ಪಶ್ಚಿಮದಲ್ಲಿ ಹರಡಿರುವ ಎಂಬತ್ತಕ್ಕೂ ಹೆಚ್ಚು ದ್ವೀಪಗಳು. ಮೂರು ಲಕ್ಷದಷ್ಟು ಜನ. ಅಷ್ಟು ಜನರೊಳಗೆ ನೂರಕ್ಕೂ ಮಿಕ್ಕಿ ಭಾಷೆಗಳು. 1980ರಲ್ಲಿ ಬ್ರಿಟನ್ ಮತ್ತು ಫ್ರಾನ್ಸಿನ ಜಂಟಿ ಆಳ್ವಿಕೆಯಿಂದ ಬಿಡುಗಡೆಯಾದಾಗ ದೇಶದ ಮೊದಲ ಪ್ರಧಾನಿಯಾದ ವಾಲ್ಟರ್ ಲಿನಿ ಒಬ್ಬ ಆಂಗ್ಲಿಕನ್ ಪಾದ್ರಿ. ಜನರಲ್ಲಿ ಬಹುಪಾಲು ಕ್ರೈಸ್ತರು. ಹೀಗಿರುವಾಗ ನಮ್ಮಂಥವರು ಇಲ್ಲಿಗೆ ಬಂದು ಮಾಡುವುದೇನಿದೆ ಎಂದು ಕೇಳಿದವರಿಗೆ ನಾನು ಹೇಳುವುದು ಇಷ್ಟೆ: ಇಲ್ಲಿನ ಸಭೆ ತನ್ನ ಕಾಲ ಮೇಲೆ ನಿಂತಿದೆ, ಅದು ಒಪ್ಪಿಸಿದ ಕೆಲಸವನ್ನು ನಾವು ಮಾಡುತ್ತೇವೆ.

ಭೂಕಂಪವಾದ ಆ ಮಧ್ಯಾಹ್ನ ಪೇಟೆಯಲ್ಲಿ ಕ್ರಿಸ್ಮಸ್ ಸಂತೆಯ ಗದ್ದಲವಿತ್ತು. 7.3 ಪ್ರಮಾಣದ ಕಂಪನ. ಪೇಟೆಯ ನಡುವಿನ ಕಟ್ಟಡಗಳು ಕುಸಿದವು, ಗುಡ್ಡದ ಮಣ್ಣು ರಸ್ತೆಗೆ ಇಳಿಯಿತು, ಹದಿನಾಲ್ಕು ಜೀವಗಳು ಹೋದವು. ಆಸ್ಪತ್ರೆಗೂ ಪೆಟ್ಟು ಬಿದ್ದು ಗಾಯಾಳುಗಳನ್ನು ಹೊರಗೆ ಡೇರೆಗಳಲ್ಲಿ ಮಲಗಿಸಬೇಕಾಯಿತು. ನೀರಿನ ಕೊಳವೆಗಳು ಒಡೆದವು, ಫೋನ್ ಸತ್ತಿತು, ನಾಗರಿಕ ವಿಮಾನಗಳು ಕೆಲವು ದಿನ ಇಳಿಯಲೇ ಇಲ್ಲ. ಅಲ್ಲಿ ದುಡಿದ ವೈದ್ಯರು, ದಾದಿಯರು, ಅವಶೇಷಗಳಡಿ ತೆವಳಿ ಜನರನ್ನು ಹೊರಗೆಳೆದ ಊರ ಹುಡುಗರು, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಫ್ರಾನ್ಸ್‌ಗಳಿಂದ ಬಂದ ತಂಡಗಳು, ಇವರ ಋಣ ಇಡೀ ಊರಿನದು. ಅದರಲ್ಲಿ ನಮ್ಮದೂ ಸೇರಿದೆ.

ಆದರೆ ನನ್ನ ಮೊದಲ ವಂದನೆ ನಮ್ಮ ಸಭೆಯ ಸ್ತ್ರೀಯರ ಸಂಘಕ್ಕೆ. ಹೊರಗಿನ ನೆರವಿನ ಒಂದು ಬಿಸ್ಕತ್ತು ಪೊಟ್ಟಣವೂ ತಲುಪುವ ಮುನ್ನ ಈ ತಾಯಂದಿರು ಅಂಗಳದಲ್ಲಿ ಒಲೆ ಹೂಡಿದ್ದರು. ಅವರಲ್ಲಿ ಹಲವರ ಮನೆಯ ಗೋಡೆಗಳೇ ಬಿದ್ದಿದ್ದವು. ಇಲ್ಲಿನ ಮುಖ್ಯ ಅಡುಗೆ ಲಾಪ್‌ಲಾಪ್: ಗೆಣಸನ್ನೋ ಬಾಳೆಕಾಯಿಯನ್ನೋ ತುರಿದು, ತೆಂಗಿನ ಹಾಲು ಸುರಿದು, ನಮ್ಮ ಎಲೆಕಡುಬಿನಂತೆ ಎಲೆಯಲ್ಲಿ ಸುತ್ತಿ, ಕಾದ ಕಲ್ಲುಗಳ ನಡುವೆ ಮಣ್ಣಿನ ಕುಳಿಯಲ್ಲಿ ಬೇಯಿಸುವುದು. ಕುಡಿಯುವ ನೀರಿಗೆ ಪರದಾಟವಿದ್ದ ಆ ದಿನಗಳಲ್ಲಿ ಕಲ್ಲಿನ ಶಾಖದಲ್ಲೇ ಬೇಯುವ ಈ ಅಡುಗೆ ನೂರಾರು ಜನರ ಹೊಟ್ಟೆ ತುಂಬಿಸಿತು. ಮರುಕಂಪನಗಳಿಗೆ ಹೆದರಿ ಯಾರೂ ಮನೆಯೊಳಗೆ ಮಲಗುತ್ತಿರಲಿಲ್ಲ. ರಾತ್ರಿಯಿಡೀ ಚಾಪೆಗಳ ಮೇಲೆ ಮಕ್ಕಳನ್ನು ನಡುವೆ ಮಲಗಿಸಿ ಸುತ್ತ ಹಿರಿಯ ತಾಯಂದಿರು ಕುಳಿತು ಕೀರ್ತನೆ ಹಾಡುತ್ತಿದ್ದರು. ಯಾರ ಮಗು ಯಾರ ತೊಡೆಯ ಮೇಲಿದೆ ಎಂದು ನೋಡುವವರೇ ಇರಲಿಲ್ಲ. ಗಾಯ ತೊಳೆದು ಕಟ್ಟುವುದು ನನಗೆ ಗೊತ್ತಿತ್ತು. ಬೆಚ್ಚಿ ಬಿದ್ದ ಮಕ್ಕಳನ್ನು ಮತ್ತೆ ನಿದ್ದೆಗೆ ತರುವುದು ಅವರಿಗೆ ಗೊತ್ತಿತ್ತು.

ಇನ್ನೊಂದು ವಂದನೆ ಹೊರದ್ವೀಪಗಳ ಸಭೆಗಳಿಗೆ. ವಾರ ಕಳೆದು ಹಡಗುಗಳು ಬರತೊಡಗಿದಾಗ ಟನ್ನಾದಿಂದ, ಎಪಿಯಿಂದ, ಮಲೆಕುಲಾದಿಂದ ಗೆಣಸು, ಕೆಸುವಿನ ಗೆಡ್ಡೆ, ಹಸಿ ಬಾಳೆ, ತೆಂಗಿನಕಾಯಿ ಮೂಟೆ ಮೂಟೆಯಾಗಿ ಇಳಿದವು. ಇವರು ಉಳ್ಳವರಲ್ಲ. 2015ರಲ್ಲಿ ಪ್ಯಾಮ್ ಚಂಡಮಾರುತ ಇವರ ತೋಟಗಳನ್ನು ಬುಡಮೇಲು ಮಾಡಿತ್ತು. 2023ರ ಮಾರ್ಚ್‌ನಲ್ಲಿ ಒಂದೇ ವಾರದೊಳಗೆ ಜೂಡಿ, ಕೆವಿನ್ ಎಂಬ ಎರಡು ಚಂಡಮಾರುತಗಳು ಒಂದರ ಬೆನ್ನಿಗೆ ಇನ್ನೊಂದು ಬಂದು ಹೋಗಿದ್ದವು. ಆಗ ಪಟ್ಟಣದ ಸಭೆಗಳು ಅವರಿಗೆ ಅಕ್ಕಿ ಕಳುಹಿಸಿದ್ದವು. ಈಗ ಪಟ್ಟಣ ಬಿದ್ದಿತು, ಅವರು ಗೆಣಸು ಕಳುಹಿಸಿದರು. ಯಾರೂ ಲೆಕ್ಕ ಕೇಳಲಿಲ್ಲ, ಯಾರೂ ಚಿತ್ರ ತೆಗೆಸಿಕೊಳ್ಳಲಿಲ್ಲ.

ದುಡಿಯಲು ಹೋದ ಗಂಡಸರ ವಿಷಯವನ್ನೂ ಹೇಳಬೇಕು. 2007ರಲ್ಲಿ ನ್ಯೂಜಿಲೆಂಡ್ ಋತುಮಾನದ ಕೂಲಿ ಯೋಜನೆ ಆರಂಭಿಸಿದಾಗಿನಿಂದ ಈ ದೇಶದ ಸಾವಿರಾರು ಜನ ಅಲ್ಲಿಗೂ ಆಸ್ಟ್ರೇಲಿಯಾಕ್ಕೂ ಹಣ್ಣು ಕೀಳಲು, ದ್ರಾಕ್ಷಿ ತೋಟ ಸವರಲು ಹೋಗುತ್ತಾರೆ. ಆ ಹಣದಿಂದ ಮನೆ ಎದ್ದಿವೆ, ಮಕ್ಕಳ ಶಾಲೆಯ ಶುಲ್ಕ ಕಟ್ಟಿದ್ದಾರೆ. ತಂದೆಯಿಲ್ಲದೆ ಬೆಳೆಯುವ ತಿಂಗಳುಗಳ ಬೆಲೆಯೂ ಸಣ್ಣದಲ್ಲ. ನಾನು ಹೋಗುವ ಮನೆಗಳಲ್ಲಿ ಅದನ್ನು ದಿನವೂ ಕಾಣುತ್ತೇನೆ. ಭೂಕಂಪದ ದಿನ ಈ ಗಂಡಸರು ಅಲ್ಲಿ ಫೋನ್ ಹಿಡಿದು ಕುಳಿತರು, ಇಲ್ಲಿಂದ ದನಿಯೇ ಇಲ್ಲ. ಸಂಪರ್ಕ ಮರಳಿದ ಮೇಲೆ ಅವರು ಮಾಡಿದ್ದೇನು ಗೊತ್ತೇ? ತಮ್ಮ ತಮ್ಮ ಮನೆಗೆ ಕಳುಹಿಸುವುದರ ಜೊತೆಗೆ, ತಾವು ಅಲ್ಲಿ ಕೂಡಿ ಆರಾಧಿಸುವ ಗುಂಪುಗಳಲ್ಲಿ ಕಾಣಿಕೆ ಎತ್ತಿ, ಗಂಡ ಸತ್ತ, ಕೆಲಸ ಹೋದ ಮನೆಗಳಿಗೂ ಕಳುಹಿಸಿದರು. ಪೇಟೆಯ ನಡುಭಾಗ ತಿಂಗಳುಗಟ್ಟಲೆ ಮುಚ್ಚಿದ್ದುದರಿಂದ ಅಂಗಡಿ, ಹೋಟೆಲುಗಳ ಕೆಲಸ ಕಳೆದುಕೊಂಡ ಹೆಣ್ಣುಮಕ್ಕಳು ಬಹಳ ಮಂದಿ. ಅವರ ಮಕ್ಕಳು ಶಾಲೆ ಬಿಡದೆ ಉಳಿದದ್ದು ಈ ಕೂಲಿಗಾರರ ಹಣದಿಂದ.

ಇಲ್ಲಿನ ಮಿಷನ್ ಚರಿತ್ರೆ ಹೇಳುವಾಗ ಹೊರಗಿನಿಂದ ಬಂದ ಬಿಳಿಯರ ಹೆಸರುಗಳೇ ಮೊದಲು ಬರುತ್ತವೆ. 1839ರ ನವೆಂಬರ್‌ನಲ್ಲಿ ಇಲ್ಲಿನ ಎರೊಮಾಂಗೊ ದ್ವೀಪದ ದಡದಲ್ಲಿ ಕೊಲೆಯಾದ ಜಾನ್ ವಿಲಿಯಮ್ಸ್, 1848ರಲ್ಲಿ ಅನೈಟಿಯಂ ದ್ವೀಪಕ್ಕೆ ಬಂದ ಜಾನ್ ಗೆಡ್ಡಿ. ಅವರ ತ್ಯಾಗ ದೊಡ್ಡದು. ಆದರೆ ವಿಲಿಯಮ್ಸ್ ಸಾಯುವ ಮುನ್ನವೇ ಟನ್ನಾದಲ್ಲಿ ಸಮೋವಾದ ಉಪದೇಶಿಗಳು ಇಳಿದಿದ್ದರು. ಮುಂದಿನ ವರ್ಷಗಳಲ್ಲಿ ಸಮೋವಾದಿಂದಲೂ ಕುಕ್ ದ್ವೀಪಗಳ ರಾರೊಟೊಂಗಾದಿಂದಲೂ ಇಂಥವರು ಹೆಂಡತಿ ಮಕ್ಕಳೊಡನೆ ಬಂದು, ಮಲೇರಿಯಾಕ್ಕೆ ತುತ್ತಾಗಿ ಇದೇ ಮಣ್ಣಿನಲ್ಲಿ ಮಲಗಿದ್ದಾರೆ. ಹಡಗುಗಳೊಡನೆ ಬಂದ ದಡಾರದಂಥ ರೋಗಗಳಿಂದ ದ್ವೀಪದವರೂ ಗುಂಪುಗುಂಪಾಗಿ ಸತ್ತರು. ಇದನ್ನು ಮರೆಮಾಚಿ ಮಿಷನ್ನಿನ ಹಿರಿಮೆ ಹೇಳುವುದು ನನಗೆ ಸಲ್ಲದ ಮಾತಾಗಿ ಕಾಣುತ್ತದೆ. ಮಂಗಳೂರಿಗೆ 1834ರಲ್ಲಿ ಬಾಸೆಲ್ ಮಿಷನ್ನಿನವರು ಬಂದರು ಎಂದು ನಾವೂ ಮಕ್ಕಳಿಗೆ ಕಲಿಸುತ್ತೇವೆ. ಅವರ ಜೊತೆ ಗದ್ದೆಬಯಲು ದಾಟಿ ನಡೆದ ನಮ್ಮವರೇ ಆದ ಉಪದೇಶಿಗಳ ಹೆಸರು ಎಷ್ಟು ಜನರಿಗೆ ನೆನಪಿದೆ? ಆ ಹಳೆಯ ಉಪದೇಶಿಗಳಿಗೆ, ಸಮೋವಾದವರಿಗೂ ನಮ್ಮವರಿಗೂ, ಈ ಬರಹದಲ್ಲಿ ತಲೆಬಾಗುತ್ತೇನೆ.

ಈಗ ಊರಿನವರಿಗೆ. ಫೋನ್ ಇಲ್ಲದ ಆ ದಿನಗಳಲ್ಲಿ ನಮ್ಮ ಅತ್ತೆಯವರ ಮನೆಗೆ ಸರದಿಯ ಮೇಲೆ ಬಂದು ಜೊತೆಗಿದ್ದ ನೆರೆಹೊರೆಯವರೇ, ನಮಗಾಗಿ ಉಪವಾಸ ಪ್ರಾರ್ಥನೆ ಇಟ್ಟ ಉಡುಪಿ, ಮೂಲ್ಕಿ, ಹುಬ್ಬಳ್ಳಿ, ಬೆಟಗೇರಿ ಕಡೆಯ ಸಭೆಗಳ ಪ್ರಿಯರೇ, ಅಯ್ಯನವರೇ, ಅಮ್ಮನವರೇ, ನಿಮ್ಮ ಪ್ರೀತಿ ನಮ್ಮನ್ನು ತಲುಪಿದೆ. ಸುಗ್ಗಿ ಹಬ್ಬದ ಹರಾಜಿನಲ್ಲಿ ಒಂದು ಕುಂಬಳಕಾಯಿಯನ್ನು ಕೊಂಡು ಮತ್ತೆ ಹರಾಜಿಗಿಟ್ಟು, ಮತ್ತೆ ಕೊಂಡು ಹಣ ಕೂಡಿಸಿದಿರಂತೆ. ಅದನ್ನು ಇಲ್ಲಿನ ತಾಯಂದಿರಿಗೆ ಹೇಳಿದಾಗ ಅವರು ಬಹಳ ಹೊತ್ತು ಅದೇ ಮಾತಾಡಿದರು; ಮುಂದಿನ ಕೊಯ್ಲಿಗೆ ತಾವೂ ಹಾಗೆಯೇ ಮಾಡುವುದಾಗಿ ನಿಶ್ಚಯಿಸಿದ್ದಾರೆ. ನಿವೃತ್ತಿ ವೇತನದಲ್ಲಿ ಪಾಲು ತೆಗೆದು ಕೊಟ್ಟ ಹಿರಿಯ ಶಿಕ್ಷಕಿಯವರೇ, ಹೆಸರು ಹೇಳಬೇಡ ಎಂದಿದ್ದೀರಿ, ಹೇಳುವುದಿಲ್ಲ. ದೇವಾಲಯದ ದಕ್ಷಿಣದ ಗೋಡೆಯ ಸಿಮೆಂಟು ನಿಮ್ಮದು.

ಕಳೆದ ಭಾನುವಾರ ಆರಾಧನೆ ಮುಗಿದ ಮೇಲೆ, ಇಲ್ಲಿನ ವಾಡಿಕೆಯಂತೆ ಸಭೆಯವರೆಲ್ಲ ಹೊರಗೆ ಸಾಲುಗಟ್ಟಿ ನಿಂತು ಒಬ್ಬೊಬ್ಬರ ಕೈ ಕುಲುಕಿದರು. ನಮ್ಮ ಬಳಿ ಬಂದವರೆಲ್ಲ ನಿಮ್ಮನ್ನೇ ಕೇಳಿದರು. ನಿಮಗೆ ಅವರ ವಂದನೆಗಳನ್ನು ತಿಳಿಸಬೇಕೆಂದು ಸಭೆಯ ಹಿರಿಯರು ಹೇಳಿದ್ದಾರೆ, ಇದೋ ತಿಳಿಸಿದ್ದೇನೆ.

ಕೆಲಸ ಪೂರ್ತಿ ಮುಗಿದಿಲ್ಲ. ಕೆಲವು ಕುಟುಂಬಗಳು ಇನ್ನೂ ಬಂಧುಗಳ ಮನೆಯಲ್ಲಿವೆ. ಲೆಕ್ಕಪತ್ರವನ್ನು ನಿಮ್ಮ ನಿಮ್ಮ ಸಭೆಯ ಕಾರ್ಯದರ್ಶಿಗಳಿಗೆ ಕಳುಹಿಸಿದ್ದೇವೆ. ಉಳಿದ ಹಣವನ್ನು ಏನು ಮಾಡಬೇಕೆಂದು ಸ್ತ್ರೀಯರ ಸಂಘವೇ ಕುಳಿತು ತೀರ್ಮಾನಿಸಿದೆ: ದೇವಾಲಯದ ಹೊಸ ಚಾವಣಿಯಿಂದ ಮಳೆನೀರು ಹಿಡಿಯಲು ಒಂದು ದೊಡ್ಡ ಟ್ಯಾಂಕ್, ಕೊಳವೆ ಮತ್ತೆ ಒಡೆದರೂ ಸುತ್ತಲಿನ ಮನೆಗಳಿಗೆ ನೀರಿರಲೆಂದು. ಅಡಿಪಾಯಕ್ಕೆ ಗುರುತು ಹಾಕಿಯಾಗಿದೆ. ಗಂಡಸರು ರಜೆಗೆ ಬಂದ ಕೂಡಲೇ ಕಾಂಕ್ರೀಟು ಸುರಿಯುತ್ತಾರೆ.